ಗುಳವಿಲ್ಲದ ನೇಗಿಲು: ಬಸುರಿ, ಬಾಣಂತಿಯರ ಜೀವಸತ್ವಗಳು ಮತ್ತು ಕಿಣ್ವಗಳು

ಎರಡು ಗಾಜಿನ ನಳಿಕೆಗಳಿಂದ ಆರಂಭಿಸುತ್ತೇನೆ. ಒಬ್ಬ ಬಾಣಂತಿಯ ತೋಳಿನಿಂದ ತೆಗೆದ ರಕ್ತದಲ್ಲಿ ಕೆಂಪು ಕಣಗಳನ್ನು ಬೇರ್ಪಡಿಸಿ, ಒಡೆದು, ಆ ದ್ರವವನ್ನು ಎರಡು ನಳಿಕೆಗಳಿಗೆ ಸಮನಾಗಿ ಹಂಚಿದ್ದೇವೆ ಎಂದುಕೊಳ್ಳಿ. ಕೆಂಪು ಕಣದೊಳಗೆ ಟ್ರಾನ್ಸ್‌ಕೀಟೊಲೇಸ್ ಎಂಬ ಕಿಣ್ವವಿದೆ; ಒಂದು ಸಕ್ಕರೆಯ ಅಣುವಿನಿಂದ ಎರಡು ಇಂಗಾಲದ ತುಂಡನ್ನು ಕಿತ್ತು ಇನ್ನೊಂದಕ್ಕೆ ಜೋಡಿಸುವುದು ಅದರ ಕೆಲಸ. ಮೊದಲ ನಳಿಕೆಯಲ್ಲಿ ಆ ಕಿಣ್ವ ಇದ್ದ ಹಾಗೆಯೇ ಎಷ್ಟು ವೇಗವಾಗಿ ದುಡಿಯುತ್ತದೆಂದು ಅಳೆಯುತ್ತೇವೆ. ಎರಡನೆಯ ನಳಿಕೆಗೆ ಥಯಮಿನ್‌ನ, ಅಂದರೆ ಬಿ1 ಜೀವಸತ್ವದ, ಸಕ್ರಿಯ ರೂಪವನ್ನು ಒಂದಿಷ್ಟು ಬೆರೆಸಿ ಮತ್ತೆ ಅಳೆಯುತ್ತೇವೆ. ಎರಡೂ ಅಳತೆಗಳು ಹೆಚ್ಚು ಕಡಿಮೆ ಒಂದೇ ಆಗಿದ್ದರೆ ಆ ತಾಯಿಗೆ ಥಯಮಿನ್ ಸಾಕಷ್ಟು ದೊರೆಯುತ್ತಿದೆ ಎಂದರ್ಥ. ಎರಡನೆಯ ನಳಿಕೆಯಲ್ಲಿ ವೇಗವು ನೂರಕ್ಕೆ ಇಪ್ಪತ್ತೈದಕ್ಕಿಂತ ಹೆಚ್ಚು ಏರಿದರೆ ಕೊರತೆ ಖಚಿತ.

ಏಕೆ ಹೀಗೆ? ಮನೆಮನೆಗೆ ಮಾತ್ರೆ ಹಂಚುವ ಕಾರ್ಯಕರ್ತೆಯರೂ ನರ್ಸಿಂಗ್ ವಿದ್ಯಾರ್ಥಿನಿಯರೂ ಆದ ನಿಮ್ಮಲ್ಲಿ ಹಲವರು ಒಕ್ಕಲು ಮನೆತನದವರು, ಆದ್ದರಿಂದ ನೇಗಿಲಿನ ಮಾತು ಆಡುತ್ತೇನೆ. ಕೊಟ್ಟಿಗೆಯಲ್ಲಿ ಹತ್ತು ನೇಗಿಲುಗಳಿದ್ದರೂ ಗುಳ, ಅಂದರೆ ನೆಲ ಸೀಳುವ ಕಬ್ಬಿಣದ ಮೊನೆ, ಇರುವುದು ಆರಕ್ಕೆ ಮಾತ್ರವಾದರೆ ಉಳುವುದು ಆರೇ. ಕಿಣ್ವದ ಪ್ರೋಟೀನು ನೇಗಿಲು. ಅದಕ್ಕೆ ಸಿಕ್ಕಿಸುವ ಗುಳವನ್ನು ನಾವು ಸಹಕಿಣ್ವ ಎನ್ನುತ್ತೇವೆ, ಮತ್ತು ಬಿ ಗುಂಪಿನ ಜೀವಸತ್ವಗಳಲ್ಲಿ ಬಹುಪಾಲು ಈ ಗುಳ ತಯಾರಿಸುವ ಕಬ್ಬಿಣ. ನೇಗಿಲನ್ನು ದೇಹ ತಾನೇ ಕೆತ್ತಿಕೊಳ್ಳಬಲ್ಲದು, ಈ ಕಬ್ಬಿಣ, ಅಂದರೆ ಜೀವಸತ್ವ, ಮಾತ್ರ ತಟ್ಟೆಯಿಂದ ಬರಬೇಕು. ಎರಡನೆಯ ನಳಿಕೆಗೆ ಬೆರೆಸಿದ್ದು ಗುಳಗಳನ್ನು; ಖಾಲಿ ನಿಂತಿದ್ದ ನೇಗಿಲುಗಳೆಷ್ಟು ಎಂಬುದು ಆಗ ಬಯಲಾಯಿತು.

ಇದೇ ಉಪಾಯದಿಂದ ರೈಬೊಫ್ಲೇವಿನ್, ಅಂದರೆ ಬಿ2, ಕೊರತೆಯನ್ನೂ ಪತ್ತೆಹಚ್ಚುತ್ತೇವೆ. ಅಲ್ಲಿ ನೋಡುವ ಕಿಣ್ವ ಗ್ಲುಟಾಥಯೋನ್ ರಿಡಕ್ಟೇಸ್. ಬೆರೆಸಿದ ಮೇಲಿನ ವೇಗವು ಮೊದಲಿನ ವೇಗದ 1.4 ಪಟ್ಟು ದಾಟಿದರೆ ಕೊರತೆ ಎನ್ನುತ್ತೇವೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಲ್ಲಿ ದುಡಿದ ಮೆಹ್ತಾಬ್ ಬಾಮ್ಜಿ ಅವರು 1969ರಲ್ಲೇ ಈ ಕಿಣ್ವವನ್ನು ಮನುಷ್ಯರ ರೈಬೊಫ್ಲೇವಿನ್ ಸ್ಥಿತಿಯ ಅಳತೆಗೋಲಾಗಿ ಬಳಸಿ ಪ್ರಕಟಿಸಿದರು. ಬಿ6 ವಿಷಯದಲ್ಲಿ ನೋಡುವುದು ಅಮೈನೊ ಗುಂಪನ್ನು ಒಂದು ಅಣುವಿನಿಂದ ಇನ್ನೊಂದಕ್ಕೆ ದಾಟಿಸುವ, ಯಕೃತ್ತಿನ ವರದಿಯಲ್ಲಿ ನೀವು ಎಎಸ್‌ಟಿ ಎಂದು ಓದುವ, ಅದೇ ಕಿಣ್ವವನ್ನು.

ರಕ್ತದಲ್ಲಿರುವ ಜೀವಸತ್ವವನ್ನೇ ನೇರವಾಗಿ ಅಳೆದರಾಗದೆ ಎಂದು ನೀವು ಕೇಳಬಹುದು. ಬಸುರಿನಲ್ಲಿ ಆ ಅಳತೆ ನಮ್ಮನ್ನು ಹಲವು ಬಾರಿ ದಾರಿ ತಪ್ಪಿಸುತ್ತದೆ. ತುಂಬು ಬಸುರಿಯ ರಕ್ತದ ದ್ರವಭಾಗ ಮೊದಲಿಗಿಂತ ಸುಮಾರು 40ರಿಂದ 50 ಪ್ರತಿಶತ ಹೆಚ್ಚಿರುತ್ತದೆ; ಅದೇ ಬೆಲ್ಲವನ್ನು ಒಂದೂವರೆ ಪಟ್ಟು ನೀರಿಗೆ ಹಾಕಿದಂತೆ, ಜೀವಸತ್ವದ ಸಾಂದ್ರತೆ ತಗ್ಗಿದಂತೆ ಕಾಣುತ್ತದೆ. ಇನ್ನೊಂದು ತೊಡಕು ಹೆಚ್ಚು ಸೂಕ್ಷ್ಮವಾದದ್ದು. ಮಾಸು, ಅಂದರೆ ಗರ್ಭದಲ್ಲಿ ಕೂಸನ್ನು ತಾಯಿಗೆ ಜೋಡಿಸುವ ಪ್ಲಾಸೆಂಟಾ, ಆಲ್ಕಲೈನ್ ಫಾಸ್ಫಟೇಸ್ ಎಂಬ ತನ್ನದೇ ಆದ ಒಂದು ಕಿಣ್ವವನ್ನು ತಯಾರಿಸಿ ತಾಯಿಯ ರಕ್ತಕ್ಕೆ ಬಿಡುತ್ತದೆ. ಬಿ6ನ ಸಕ್ರಿಯ ರೂಪದಲ್ಲಿರುವ ಫಾಸ್ಫೇಟನ್ನು ಕತ್ತರಿಸುವುದು ಈ ಕಿಣ್ವವೇ ಆದ್ದರಿಂದ ರಕ್ತದಲ್ಲಿ ಆ ರೂಪ ತಗ್ಗುತ್ತದೆ. ತಾಯಿ ಎಂದಿನಂತೆಯೇ ಉಣ್ಣುತ್ತಿದ್ದರೂ ತಗ್ಗುತ್ತದೆ.

ಆಲ್ಕಲೈನ್ ಫಾಸ್ಫಟೇಸಿನ ಮಾತು ಬಂದದ್ದರಿಂದ ಒಂದು ಅಡ್ಡಮಾತು. ನಮ್ಮ ನೆಂಟರ ಪೈಕಿ ಒಬ್ಬ ಹುಡುಗಿಗೆ ಎಂಟನೆಯ ತಿಂಗಳಲ್ಲಿ ಮಾಡಿಸಿದ ರಕ್ತಪರೀಕ್ಷೆಯ ವರದಿಯಲ್ಲಿ ಈ ಸಂಖ್ಯೆಯ ಪಕ್ಕ ನಕ್ಷತ್ರದ ಗುರುತು ಬಿದ್ದಿತ್ತು. ಯಕೃತ್ತಿಗೆ ಏನೋ ಆಗಿದೆಯೆಂದು ಆ ಮನೆಯಲ್ಲಿ ಎರಡು ದಿನ ಯಾರಿಗೂ ಊಟ ಸೇರಲಿಲ್ಲ. ವರದಿಯಲ್ಲಿ ಅಚ್ಚಾಗಿದ್ದ ಮಿತಿ ಬಸುರಿಯಲ್ಲದ ವಯಸ್ಕರದು. ಹೆಚ್ಚುವರಿಯಾಗಿ ಕಂಡದ್ದು ಮಾಸಿನ ಕಿಣ್ವ. ಉಳಿದ ಯಕೃತ್ತಿನ ಕಿಣ್ವಗಳು, ಪಿತ್ತವರ್ಣದ (ಬಿಲಿರುಬಿನ್) ಪ್ರಮಾಣ ಸರಿಯಾಗಿದ್ದು, ತುರಿಕೆಯಂಥ ಲಕ್ಷಣಗಳೂ ಇಲ್ಲದಿದ್ದರೆ ಕೊನೆಯ ಮೂರು ತಿಂಗಳಲ್ಲಿ ಈ ಏರಿಕೆ ಸಹಜವಾದದ್ದು. ವರದಿಯನ್ನು ವೈದ್ಯರಿಗೆ ತೋರಿಸುವ ಮೊದಲೇ ಅಳುವುದು ಬೇಡ ಎಂದು ಮನೆಯವರಿಗೆ ಹೇಳುವ ಕೆಲಸ ನಿಮ್ಮ ಪಾಲಿಗೆ ಆಗಾಗ ಬರುತ್ತದೆ.

ಬಿ6 ವಿಷಯದಲ್ಲಿ ವಿಜ್ಞಾನಿಗಳೂ ಹೀಗೆಯೇ ಬೆದರಿದ ಕಾಲವಿತ್ತು. ಟ್ರಿಪ್ಟೊಫ್ಯಾನ್ ಎಂಬ ಅಮೈನೊ ಆಮ್ಲವನ್ನು ಕುಡಿಸಿ, ಮೂತ್ರದಲ್ಲಿ ಕ್ಸಾಂಥುರೆನಿಕ್ ಆಮ್ಲ ಎಷ್ಟು ಬರುತ್ತದೆಂದು ನೋಡುವುದು ಆಗಿನ ಪರೀಕ್ಷೆ; ಬಿ6 ಬೇಡುವ ಒಂದು ಕಿಣ್ವ ಸೊರಗಿದರೆ ಈ ಆಮ್ಲ ಹೆಚ್ಚುತ್ತದೆ. ಬಸುರಿಯರಲ್ಲಿ ಇದು ಬಹಳ ಹೆಚ್ಚು ಕಂಡಿತು, ಬಸುರಿಯರಿಗೆಲ್ಲ ಬಿ6 ಕೊರತೆಯಿದೆ ಎಂಬ ಮಾತು ಹರಡಿತು. ಆದರೆ ಬಸುರಿನ ಹಾರ್ಮೋನುಗಳು ಅದೇ ಹಾದಿಯ ಮೊದಲ ಕಿಣ್ವವನ್ನು ಚುರುಕುಗೊಳಿಸುತ್ತವೆ. ಮೇಲಿನ ತೂಬನ್ನು ಅಗಲವಾಗಿ ತೆರೆದರೆ ಕೆಳಗಿನ ಕಾಲುವೆ ಸರಿಯಾಗಿದ್ದರೂ ನೀರು ಪಕ್ಕಕ್ಕೆ ಹರಿಯುತ್ತದಲ್ಲವೆ? ಈ ಹೆಚ್ಚಿದ ಹರಿವಿನಿಂದ ಬಸುರಿಗೆ ಒಂದು ಲಾಭವೂ ಉಂಟು: ಟ್ರಿಪ್ಟೊಫ್ಯಾನಿನಿಂದ ನಿಯಾಸಿನ್ ಎಂಬ ಜೀವಸತ್ವ ಆಕೆಯ ದೇಹದಲ್ಲಿ ಹೆಚ್ಚು ತಯಾರಾಗುತ್ತದೆ.

ಈಗ ಫೋಲಿಕ್ ಆಮ್ಲಕ್ಕೆ ಬರೋಣ. ಇದರ ಕಥೆ ಆರಂಭವಾದದ್ದು ನಮ್ಮ ದೇಶದ ಬಸುರಿಯರಿಂದ. 1928ರಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಮುಂಬಯಿಗೆ ಬಂದು, ಬಟ್ಟೆ ಗಿರಣಿಗಳಲ್ಲಿ ದುಡಿಯುತ್ತಿದ್ದ ಬಡ ಬಸುರಿಯರನ್ನು ಕಾಡುತ್ತಿದ್ದ ಒಂದು ತೀವ್ರ ರಕ್ತಹೀನತೆಯನ್ನು ಅಧ್ಯಯನ ಮಾಡಿದರು. ಕೂನೂರಿನ ಪ್ರಯೋಗಾಲಯದಲ್ಲೂ ಕೆಲಸ ಮಾಡಿದರು. ಆ ರೋಗಿಗಳ ಕೆಂಪು ಕಣಗಳು ಸಂಖ್ಯೆಯಲ್ಲಿ ಕಡಿಮೆ, ಗಾತ್ರದಲ್ಲಿ ದೊಡ್ಡವು. ಯೀಸ್ಟಿನ ಸಾರದಿಂದ, ಅಂದರೆ ಇಂಗ್ಲಿಷರು ಬ್ರೆಡ್ಡಿಗೆ ಸವರಿಕೊಳ್ಳುವ ಮಾರ್ಮೈಟ್ ಎಂಬ ಅಗ್ಗದ ಕಪ್ಪು ಪದಾರ್ಥದಿಂದ, ಅದು ಗುಣವಾಗುತ್ತದೆಂದು ಅವರು 1931ರಲ್ಲಿ ಪ್ರಕಟಿಸಿದರು. ಅದರೊಳಗಿನ ವಸ್ತುವನ್ನು ವಿಜ್ಞಾನಿಗಳು ಮೊದಲು ವಿಲ್ಸ್ ಅಂಶ ಎಂದೇ ಕರೆದರು. 1941ರಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅತ್ಯಲ್ಪ ಪ್ರಮಾಣದಲ್ಲಿ ಬೇರ್ಪಡಿಸಿದ ವಸ್ತುವಿಗೆ, ಎಲೆ ಎಂಬ ಅರ್ಥದ ಲ್ಯಾಟಿನ್ ಪದದಿಂದ, ಫೋಲಿಕ್ ಆಮ್ಲ ಎಂಬ ಹೆಸರು ಬಂತು. 1945ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿದ, ಅಮೆರಿಕದ ಔಷಧ ಕಂಪನಿ ಲೆಡರ್ಲಿಯ ತಂಡವನ್ನು ನಡೆಸುತ್ತಿದ್ದವರು ಆಂಧ್ರದ ಭೀಮಾವರದಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಅವರ ತಂಡವೇ ಫೋಲಿಕ್ ಆಮ್ಲವನ್ನು ಹೋಲುವ, ಆದರೆ ಅದರ ಕೆಲಸವನ್ನು ಕೆಡಿಸುವ, ಅಮಿನೊಪ್ಟೆರಿನ್ ಎಂಬ ವಸ್ತುವನ್ನೂ ತಯಾರಿಸಿತು. ಫೋಲಿಕ್ ಆಮ್ಲ ದೇಹದಲ್ಲಿ ಹಾಗೆಯೇ ಕೆಲಸಕ್ಕೆ ಬರುವುದಿಲ್ಲ. ಡೈಹೈಡ್ರೊಫೋಲೇಟ್ ರಿಡಕ್ಟೇಸ್ ಎಂಬ ಕಿಣ್ವ ಅದಕ್ಕೆ ಹೈಡ್ರೋಜನ್ ಸೇರಿಸಿ ಗುಳವನ್ನು ಹದಗೊಳಿಸಬೇಕು. ಅಮಿನೊಪ್ಟೆರಿನ್ ಆ ಕಿಣ್ವಕ್ಕೆ ಅಂಟಿಕೊಂಡು ಬಿಡುವುದೇ ಇಲ್ಲ. ಆಗ ಡಿಎನ್‌ಎ ಕಟ್ಟಲು ಬೇಕಾದ ಥೈಮಿನ್ (ಇದು ಬಿ1 ಆದ ಥಯಮಿನ್ ಅಲ್ಲ) ತಯಾರಾಗದೆ, ಬೇಗ ಬೇಗ ವಿಭಜಿಸುವ ಕೋಶಗಳು ನಿಂತುಹೋಗುತ್ತವೆ. ಅಮೆರಿಕದ ವೈದ್ಯ ಸಿಡ್ನಿ ಫಾರ್ಬರ್ 1948ರಲ್ಲಿ ಈ ಗುಣವನ್ನೇ ಬಳಸಿ ಮಕ್ಕಳ ರಕ್ತದ ಕ್ಯಾನ್ಸರನ್ನು ತಾತ್ಕಾಲಿಕವಾಗಿ ಹಿಮ್ಮೆಟ್ಟಿಸಿದರು. ಬೇಗ ವಿಭಜಿಸುವ ಕೋಶಗಳು ಇನ್ನೆಲ್ಲಿವೆ? ಬಸಿರಿನಲ್ಲಿ. ಆದ್ದರಿಂದ ಅಮಿನೊಪ್ಟೆರಿನ್ ಮತ್ತು ಇಂದು ಸಂಧಿವಾತಕ್ಕೆ ಕೊಡುವ ಅದರ ತಮ್ಮನಂಥ ಮೆಥೊಟ್ರೆಕ್ಸೇಟ್ ಭ್ರೂಣಕ್ಕೆ ಘಾತಕ. ಮದುವೆಯಾದ ಹೆಣ್ಣುಮಗಳು ಸಂಧಿವಾತದ ಮಾತ್ರೆ ನುಂಗುತ್ತಿದ್ದಾಳೆಂದು ಗೊತ್ತಾದರೆ, ಮಗು ಬೇಕೆಂದುಕೊಳ್ಳುವ ಮೊದಲೇ ವೈದ್ಯರ ಬಳಿ ಮಾತನಾಡಲು ಹೇಳಿ.

ಮಗುವಿನ ಮಿದುಳು, ಬೆನ್ನುಹುರಿ ಆಗುವ ನರಕೊಳವೆ ಗರ್ಭ ಕಟ್ಟಿದ 28 ದಿನಗಳೊಳಗೆ ಮುಚ್ಚಿಕೊಳ್ಳುತ್ತದೆ. ಆ ವೇಳೆಗೆ ಎಷ್ಟೋ ಹೆಣ್ಣುಮಕ್ಕಳಿಗೆ ಮುಟ್ಟು ತಪ್ಪಿದೆ ಎಂಬುದಷ್ಟೇ ಗೊತ್ತಿರುತ್ತದೆ. ನರಕೊಳವೆಯ ದೋಷವಿದ್ದ ಮಗುವನ್ನು ಹಿಂದೆ ಹೆತ್ತಿದ್ದ ತಾಯಂದಿರ ಮೇಲೆ ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿ ಏಳು ದೇಶಗಳಲ್ಲಿ ನಡೆಸಿದ ಪ್ರಯೋಗದ ಫಲಿತಾಂಶ 1991ರಲ್ಲಿ ಬಂತು: ಗರ್ಭ ಧರಿಸುವ ಮೊದಲಿನಿಂದಲೇ ದಿನಕ್ಕೆ 4 ಮಿಲಿಗ್ರಾಂ ಫೋಲಿಕ್ ಆಮ್ಲ ತೆಗೆದುಕೊಂಡವರಲ್ಲಿ ಆ ದೋಷ ಮರುಕಳಿಸುವುದು 72 ಪ್ರತಿಶತ ಕಡಿಮೆಯಾಯಿತು. ಮೊದಲ ಬಾರಿಗೆ ಗರ್ಭ ಧರಿಸುವ ಸಾಮಾನ್ಯ ಮಹಿಳೆಗೆ ಇಷ್ಟು ಬೇಡ, 400 ಮೈಕ್ರೋಗ್ರಾಂ ಸಾಕು. ಮೂರನೆಯ ತಿಂಗಳಲ್ಲಿ ತಾಯಿ ಕಾರ್ಡ್ ಮಾಡಿಸುವಾಗ ಮಾತ್ರೆ ಕೊಡುವುದು ಆಕೆಯ ರಕ್ತಕ್ಕೆ ಒಳ್ಳೆಯದೇ. ನರಕೊಳವೆಗೆ ಮಾತ್ರ ಅದು ಕಳೆದ ವಾರದ ಬಸ್ಸು.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಲ್ಲಿ ಫೋಲೇಟ್, ಅಂದರೆ ಆಹಾರದಲ್ಲಿರುವ ಫೋಲಿಕ್ ಆಮ್ಲದ ರೂಪ, ಸಾಮಾನ್ಯ ಮಹಿಳೆಗೆ ದಿನಕ್ಕೆ 220 ಮೈಕ್ರೋಗ್ರಾಂ, ಬಸುರಿಗೆ 570, ಬಾಣಂತಿಗೆ 330. ಬಾಣಂತಿಯ ಫೋಲೇಟಿನ ವಿಷಯದಲ್ಲಿ ಒಂದು ವಿಚಿತ್ರವಿದೆ. ತಾಯಿಗೆ ಕೊರತೆಯಿದ್ದರೂ ಎದೆಹಾಲಿನಲ್ಲಿ ಫೋಲೇಟ್ ಬಹುಮಟ್ಟಿಗೆ ಕುಗ್ಗುವುದಿಲ್ಲ; ತಾಯಿಯ ರಕ್ತ ಬಡವಾಗುತ್ತಾ ಹೋದರೂ ಕೂಸಿನ ಪಾಲು ಕೂಸಿಗೆ ಸಲ್ಲುತ್ತದೆ. ಕಬ್ಬಿಣ, ಸುಣ್ಣದ ಅಂಶಗಳೂ ಹೀಗೆಯೇ. ಆದರೆ ಬಿ1, ಬಿ2, ಬಿ6, ಬಿ12 ಮತ್ತು ಎ ಜೀವಸತ್ವಗಳು ಹಾಗಲ್ಲ: ತಾಯಿಯ ತಟ್ಟೆ ಬಡವಾದರೆ ಹಾಲೂ ಬಡವಾಗುತ್ತದೆ, ಕೂಸಿನ ಕಿಣ್ವಗಳು ಖಾಲಿ ನಿಲ್ಲುತ್ತವೆ. ಈ ಹೊತ್ತಿನ ನನ್ನ ಮಾತಿನ ತಿರುಳು ಇದೇ ಆದ್ದರಿಂದ ಇಲ್ಲಿ ಸ್ವಲ್ಪ ನಿಲ್ಲುತ್ತೇನೆ.

ಮೊದಲು ಬಿ12. ಮನುಷ್ಯನ ದೇಹದಲ್ಲಿ ಇದನ್ನು ಬೇಡುವ ಕಿಣ್ವಗಳು ಎರಡೇ ಎರಡು. ಒಂದು ಮೆಥಿಯೊನೀನ್ ಸಿಂಥೇಸ್. ಫೋಲೇಟಿನಿಂದ ಮೀಥೈಲ್ ಗುಂಪನ್ನು ಪಡೆದು ಹೋಮೊಸಿಸ್ಟೀನ್ ಎಂಬ ಅಮೈನೊ ಆಮ್ಲಕ್ಕೆ ಕೊಡುವುದು ಅದರ ಕೆಲಸ. ಅದು ನಿಂತರೆ ಫೋಲೇಟ್ ಮೀಥೈಲ್ ರೂಪದಲ್ಲೇ ಸಿಕ್ಕಿಹಾಕಿಕೊಂಡು, ರಕ್ತದಲ್ಲಿ ಫೋಲೇಟ್ ತುಂಬಿದ್ದರೂ ಕೋಶದೊಳಗೆ ಬರಗಾಲ. ಇನ್ನೊಂದು ಮೀಥೈಲ್‌ಮೆಲೊನೈಲ್ ಕೋಎ ಮ್ಯೂಟೇಸ್. ಅದು ನಿಂತಾಗ ಮೀಥೈಲ್‌ಮೆಲೊನಿಕ್ ಆಮ್ಲ ರಕ್ತ ಮೂತ್ರಗಳಲ್ಲಿ ಏರುತ್ತದೆ, ನರಗಳು ಸೊರಗುತ್ತವೆ. ಬಿ12 ಸಸ್ಯಗಳಲ್ಲಿ ಇಲ್ಲ. ಹಾಲು ಮೊಸರು ಸಾಕಷ್ಟು ಸಿಗದ ಸಸ್ಯಾಹಾರಿ ತಾಯಿಯ ಎದೆಹಾಲನ್ನಷ್ಟೇ ಕುಡಿದು ಬೆಳೆದ ಕೂಸುಗಳು ಕೆಲವು ತಿಂಗಳ ಬಳಿಕ ನಗುವುದನ್ನು, ಕುತ್ತಿಗೆ ನಿಲ್ಲಿಸುವುದನ್ನು ಮರೆತು, ರಕ್ತಹೀನತೆಯಿಂದ ಬಿಳಿಚಿ, ಬೆರಳ ಗೆಣ್ಣುಗಳಲ್ಲಿ ಕಪ್ಪಾಗಿ, ಕೈಕಾಲು ನಡುಗುತ್ತಾ ಬರುವುದನ್ನು ವೆಲ್ಲೂರಿನ ವೈದ್ಯರು 1962ರಲ್ಲಿ ವರ್ಣಿಸಿದರು. ಅದು ಇಂದಿಗೂ ಮುಗಿದಿಲ್ಲ. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಬಸುರಿಯರಿಗೆ ಆರಂಭದ ತಿಂಗಳುಗಳಿಂದ ಹೆರಿಗೆಯಾಗಿ ಆರು ವಾರದವರೆಗೆ ದಿನಕ್ಕೆ 50 ಮೈಕ್ರೋಗ್ರಾಂ ಬಿ12 ಕೊಟ್ಟು ನೋಡಿ, 2014ರಲ್ಲಿ ಪ್ರಕಟಿಸಿದರು: ತಾಯಿಯ ರಕ್ತದಲ್ಲಿ, ಎದೆಹಾಲಿನಲ್ಲಿ, ಕೂಸಿನ ರಕ್ತದಲ್ಲಿ, ಮೂರರಲ್ಲೂ ಬಿ12 ಏರಿತು. ನೀವು ಮನೆಮನೆಗೆ ಹಂಚುವ ಕೆಂಪು ಮಾತ್ರೆಯಲ್ಲಿ 60 ಮಿಲಿಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಮ್ಲ ಇವೆ, ಬಿ12 ಇಲ್ಲ. ಇದು ಸರಿಹೋಗಬೇಕಾದ ಕೊರತೆ ಎಂಬುದು ನನ್ನ ಅಭಿಪ್ರಾಯ.

ಇನ್ನು ಬಿ1. ಜಾವಾದಲ್ಲಿ ಐಕ್‌ಮನ್ ಎಂಬ ವೈದ್ಯ 1890ರ ದಶಕದಲ್ಲಿ ಪಾಲಿಶ್ ಅಕ್ಕಿಯ ಅನ್ನ ತಿಂದ ಕೋಳಿಗಳು ಕಾಲು ಸೋತು ಬೀಳುವುದನ್ನೂ, ತೌಡು ಕೊಟ್ಟಾಗ ಎದ್ದು ನಿಲ್ಲುವುದನ್ನೂ ನೋಡಿದ ಕಥೆಯನ್ನು ನೀವು ಶಾಲೆಯಲ್ಲಿ ಓದಿರುತ್ತೀರಿ. ಬಿ1 ಕೊರತೆಯಿಂದ ಬರುವ ಬೆರಿಬೆರಿ ಚರಿತ್ರೆಯ ಪುಸ್ತಕಕ್ಕೆ ಸೇರಿದ ರೋಗವೆಂದು ನಾನೂ ಬಹಳ ವರ್ಷ ಪಾಠ ಮಾಡಿದೆ. ಆ ಪಾಠ ತಪ್ಪಾಗಿತ್ತು. ಬೆಂಗಳೂರಿನ ಜಯದೇವ ಹೃದ್ರೋಗ ಸಂಸ್ಥೆಯ ವೈದ್ಯರು 2021ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನೋಡಿ. ಕೆಲವೇ ತಿಂಗಳ ಕೂಸುಗಳು, ಬರೀ ಎದೆಹಾಲು ಕುಡಿಯುವವು, ಏದುಸಿರಿನಲ್ಲಿ ಬರುತ್ತವೆ. ಶ್ವಾಸಕೋಶದ ರಕ್ತನಾಳಗಳಲ್ಲಿ ಒತ್ತಡ ವಿಪರೀತ ಏರಿ ಬಲಹೃದಯ ಹಿಗ್ಗಿರುತ್ತದೆ, ಆದರೆ ಹೃದಯದ ರಚನೆಯಲ್ಲಿ ದೋಷವಿರುವುದಿಲ್ಲ. ತಾಯಂದಿರನ್ನು ವಿಚಾರಿಸಿದರೆ ಹೆರಿಗೆಯಾದಾಗಿನಿಂದ ಪಾಲಿಶ್ ಅಕ್ಕಿಯ ಅನ್ನವೇ ಮುಖ್ಯವಾದ, ಬಿಗಿ ಪಥ್ಯದ ಊಟ. ಥಯಮಿನ್ ಚುಚ್ಚುಮದ್ದು ಬಿದ್ದ ಮೇಲೆ ಆ ಕೂಸುಗಳು ಬೇಗ ಚೇತರಿಸಿಕೊಂಡವು.

ಒಳಗೆ ನಡೆದದ್ದೇನು? ಸಕ್ಕರೆ ಒಡೆದು ಪೈರುವೇಟ್ ಆಗುವವರೆಗೆ ಥಯಮಿನ್ ಬೇಕಿಲ್ಲ. ಅಲ್ಲಿಂದ ಮುಂದೆ ಕೋಶದ ಒಲೆಯೊಳಗೆ ದಾಟಿಸುವ ಪೈರುವೇಟ್ ಡಿಹೈಡ್ರೋಜಿನೇಸಿಗೆ ಥಯಮಿನ್ನಿನ ಗುಳ ಬೇಕೇ ಬೇಕು. ಅದಿಲ್ಲದಿದ್ದರೆ ಪೈರುವೇಟ್ ಲ್ಯಾಕ್ಟಿಕ್ ಆಮ್ಲವಾಗಿ ತಿರುಗಿ ರಕ್ತ ಹುಳಿಯಾಗುತ್ತದೆ, ಹಗಲಿರುಳು ದುಡಿಯುವ ಹೃದಯಕ್ಕೆ ಉರುವಲು ತಲುಪುವುದಿಲ್ಲ. ದೇಹದ ಒಟ್ಟು ದಾಸ್ತಾನು ಸುಮಾರು 30 ಮಿಲಿಗ್ರಾಂ ಮಾತ್ರ; ಎರಡು ಮೂರು ವಾರದಲ್ಲಿ ಬರಿದಾಗುತ್ತದೆ. ತಾಯಿಗೆ ಅಂಗಾಲು ಜುಮ್ಮೆನ್ನುವುದು ಬಿಟ್ಟರೆ ಏನೂ ಕಾಣದಿರಬಹುದು. ಕೂಸು ಬಾಯಿ ತೆರೆದು ಅಳುತ್ತದೆ, ದನಿ ಗೊಗ್ಗರಾಗುತ್ತದೆ ಅಥವಾ ಹೊರಡುವುದೇ ಇಲ್ಲ. ಈ ದನಿಯಿಲ್ಲದ ಅಳುವನ್ನು ನೆನಪಿಡಿ.

ಇದೇ ಕಾರಣಕ್ಕೆ ಇನ್ನೊಂದು ಎಚ್ಚರಿಕೆ ನರ್ಸಿಂಗ್ ವಿದ್ಯಾರ್ಥಿನಿಯರಿಗೆ. ವಾರಗಟ್ಟಲೆ ವಾಂತಿ ನಿಲ್ಲದೆ ಒಣಗಿ ಬಂದ ಬಸುರಿಗೆ ಬರೀ ಗ್ಲೂಕೋಸ್ ಡ್ರಿಪ್ ಏರಿಸಿದರೆ, ಗುಳವಿಲ್ಲದ ನೇಗಿಲಿನ ಮುಂದೆ ಇನ್ನಷ್ಟು ಹೊಲ ಹರಡಿದಂತೆ. ಅಳಿದುಳಿದ ಥಯಮಿನ್ ಸುಟ್ಟುಹೋಗಿ ಕಣ್ಣಾಲಿ ಹೊರಳದೆ, ನಡಿಗೆ ತಡವರಿಸಿ, ಮನಸ್ಸು ಗೊಂದಲಗೊಳ್ಳುವ ಮಿದುಳಿನ ರೋಗ ಬರಬಹುದು. ಗ್ಲೂಕೋಸಿಗೆ ಮೊದಲು ಥಯಮಿನ್ ಕೊಡಬೇಕು.

ಬಾಣಂತಿಯ ಪಥ್ಯದ ಬಗ್ಗೆ ನನಗೆ ತಾತ್ಸಾರವಿಲ್ಲ. ಮೆಣಸಿನ ಸಾರು, ಬೆಳ್ಳುಳ್ಳಿ, ಬಿಸಿನೀರು, ವಿಶ್ರಾಂತಿ ಯಾವುದಕ್ಕೂ ಕಿಣ್ವಗಳ ತಕರಾರಿಲ್ಲ. ತಕರಾರು ಇರುವುದು ಬೇಳೆ ವಾಯು, ಸೊಪ್ಪು ಶೀತ, ಕಾಳು ಮಂದ ಎಂದು ಒಂದೊಂದಾಗಿ ಕಳೆದು, ಮೂರು ಬಾರಿ ತೊಳೆದು ಗಂಜಿ ಬಸಿದ ಬಿಳಿ ಅನ್ನವನ್ನಷ್ಟೇ ಉಳಿಸುವುದಕ್ಕೆ. ಥಯಮಿನ್ ನೀರಿನಲ್ಲಿ ಕರಗುವ ವಸ್ತು. ಗಿರಣಿಯಲ್ಲಿ ತೌಡಿನೊಡನೆ ಹೋದದ್ದರಲ್ಲಿ ಉಳಿದದ್ದು ತೊಳೆದ ನೀರಿನಲ್ಲೂ ಬಸಿದ ಗಂಜಿಯಲ್ಲೂ ಹೋಗುತ್ತದೆ. ಕರಾವಳಿಯವರ ಕುಚ್ಚಲಕ್ಕಿ ಈ ವಿಷಯದಲ್ಲಿ ಜಾಣತನದ ಆಹಾರ: ಭತ್ತವನ್ನು ಸಿಪ್ಪೆಯೊಡನೆ ಬೇಯಿಸಿದಾಗ ತೌಡಿನ ಥಯಮಿನ್ ಕಾಳಿನ ಒಳಕ್ಕೆ ಇಳಿಯುತ್ತದೆ. ಹಳೆಯ ಮದ್ರಾಸ್ ಪ್ರಾಂತ್ಯದಲ್ಲಿ ಬೆರಿಬೆರಿ ಹೆಚ್ಚಾಗಿ ಕಂಡದ್ದು ಬೆಳ್ತಿಗೆ ಅಕ್ಕಿ ತಿನ್ನುವ ಉತ್ತರ ಸರ್ಕಾರ್ ಜಿಲ್ಲೆಗಳಲ್ಲಿ (ಇಂದಿನ ಆಂಧ್ರದ ಕರಾವಳಿ), ಕುಚ್ಚಲಕ್ಕಿಯ ಸೀಮೆಗಳಲ್ಲಲ್ಲ. ಬಯಲುಸೀಮೆಯ ರಾಗಿಯಲ್ಲೂ ಥಯಮಿನ್ ಬಿಳಿ ಅಕ್ಕಿಯ ಹಲವು ಪಟ್ಟು ಇದೆ.

ಊಟವಾದ ಮೇಲೆ ಬಾಣಂತಿಗೆ ಎಲೆ ಅಡಿಕೆ ಕೊಡುವ ಮನೆಗಳಲ್ಲಿ ಇನ್ನೊಂದು ಮಾತು ಹೇಳಬೇಕು. ಅಡಿಕೆ, ಚಹಾಗಳ ಒಗರು ವಸ್ತುಗಳು ಥಯಮಿನ್ನನ್ನು ಕೆಡಿಸುತ್ತವೆ. ಹಸಿ ಮೀನಿನಲ್ಲಂತೂ ಥಯಮಿನ್ನನ್ನು ಕತ್ತರಿಸುವ ಕಿಣ್ವವೇ ಇದೆ, ಆದರೆ ಅದು ಬೆಂಕಿಗೆ ಸಾಯುತ್ತದೆ. ಅಡಿಕೆಯ ಒಗರಿಗೆ ಬೆಂಕಿಯ ಭಯವಿಲ್ಲ. ತೀರಾ ಬಿಡಲಾರೆವೆಂದರೆ ಊಟದಿಂದ ಒಂದೆರಡು ಗಂಟೆ ದೂರವಿಡಿ.

ಉಳಿದವನ್ನು ಬೇಗ ಮುಗಿಸುತ್ತೇನೆ. ಕೆ ಜೀವಸತ್ವ ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನುಗಳನ್ನು ತಿದ್ದುವ ಕಾರ್ಬಾಕ್ಸಿಲೇಸಿಗೆ ಬೇಕು. ಎದೆಹಾಲಿನಲ್ಲಿ ಅದು ಸ್ವಭಾವತಃ ಕಡಿಮೆ, ಆದ್ದರಿಂದ ಹುಟ್ಟಿದೊಡನೆ ಕೂಸಿಗೆ 1 ಮಿಲಿಗ್ರಾಂ ಚುಚ್ಚುಮದ್ದು. ಡಿ ಕೂಡ ಹಾಲಿನಲ್ಲಿ ಕಡಿಮೆ, ಕೂಸಿಗೆ ದಿನಕ್ಕೆ 400 ಅಂತಾರಾಷ್ಟ್ರೀಯ ಘಟಕದ (ಐಯು) ಹನಿ ಕೊಡುತ್ತೇವೆ. ಎ ಜೀವಸತ್ವ ಗುಳವಲ್ಲ. ಅದು ನೇರವಾಗಿ ವಂಶವಾಹಿಗಳನ್ನು ನಿಯಂತ್ರಿಸುತ್ತದೆ, ಹಾಗಾಗಿ ಹೆಚ್ಚಾದರೂ ಅಪಾಯ. ಬಸುರಿ ಮಾತ್ರೆಯ ರೂಪದಲ್ಲಿ ದಿನಕ್ಕೆ 10,000 ಘಟಕ ದಾಟಬಾರದು, ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಮಾತ್ರೆಯನ್ನು ಮುಟ್ಟಲೇಬಾರದು. ಕಾಮಾಲೆಯ ಕೂಸನ್ನು ನೀಲಿ ಬೆಳಕಿನಡಿ ಇಟ್ಟಾಗ ಬೆಳಕಿಗೆ ರೈಬೊಫ್ಲೇವಿನ್ ಒಡೆಯುತ್ತದೆ. ಆ ಕೆಲವು ದಿನ ಎದೆಹಾಲನ್ನು ತಪ್ಪದೆ ಕುಡಿಸಬೇಕಾದ ಕಾರಣಗಳಲ್ಲಿ ಇದೂ ಒಂದು.

ಕೂಸಿಗೆ ಥಯಮಿನ್ ಕೊರತೆಯಿದೆಯೆಂದು ಶಂಕೆ ಬಂದಾಗ ಮೊದಲು ಹೇಳಿದ ಎರಡು ನಳಿಕೆಗಳ ಪರೀಕ್ಷೆ ಮಾಡಿಸಬೇಕೆ ಎಂದು ಒಬ್ಬರು ಚೀಟಿ ಕಳಿಸಿದ್ದಾರೆ. ಮಾಡುವುದಾದರೆ ಚುಚ್ಚುಮದ್ದಿಗೆ ಮೊದಲೇ ರಕ್ತ ತೆಗೆದಿಡಬೇಕು. ಮದ್ದು ಬಿದ್ದ ಮೇಲೆ ಗುಳಗಳೆಲ್ಲ ಸೇರಿಕೊಂಡು ಎರಡೂ ನಳಿಕೆಗಳು ಒಂದೇ ವೇಗ ತೋರಿಸುತ್ತವೆ. ಆದರೆ ಈ ಪರೀಕ್ಷೆ ಹೆಚ್ಚಿನ ಆಸ್ಪತ್ರೆಗಳಲ್ಲಿ ಇಲ್ಲ, ಇದ್ದಲ್ಲೂ ಫಲಿತಾಂಶಕ್ಕೆ ಕಾಯುವಷ್ಟು ಸಮಯ ಆ ಕೂಸಿಗೆ ಇರುವುದಿಲ್ಲ. ಥಯಮಿನ್ ಅಗ್ಗ, ಅದರಿಂದ ಹಾನಿಯಾಗುವುದು ತೀರಾ ಅಪರೂಪ. ಆದ್ದರಿಂದ ವೈದ್ಯರು ಮೊದಲು ಮದ್ದು ಕೊಡುತ್ತಾರೆ, ಗಂಟೆಗಳ ಲೆಕ್ಕದಲ್ಲಿ ರಕ್ತದ ಹುಳಿ ಇಳಿಯುತ್ತದೆಯೆ, ಉಸಿರಾಟ ತಹಬಂದಿಗೆ ಬರುತ್ತದೆಯೆ ಎಂದು ನೋಡುತ್ತಾರೆ, ಮತ್ತು ಪಕ್ಕದಲ್ಲಿ ಕುಳಿತ ತಾಯಿಗೂ ಅದೇ ದಿನ ಥಯಮಿನ್ ಆರಂಭಿಸುತ್ತಾರೆ.